ಮೂವರು ತಾಯಂದಿರ ರಾಜೀನಾಮೆ

ಸೆರೆಮನೆಯ ಅಧೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ,

ನಿಮ್ಮ ಸುಪರ್ದಿನಲ್ಲಿರುವ ಒಬ್ಬ ವಿಚಾರಣಾಧೀನ ಕೈದಿಗೆ ಮೂವರು ತಾಯಂದಿರು ಹೇಗಾದರು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದು ತಾವು ನನಗೆ ನೋಟೀಸು ಕಳಿಸಿದ್ದೀರಿ. ನಿಜವಾದ ತಾಯಿ ಯಾರೆಂಬುದು ಇತ್ಯರ್ಥವಾಗುವವರೆಗೆ ಆತನಿಗೆ ಯಾವ ತಾಯಿಯ ಭೇಟಿಯೂ ಇಲ್ಲ, ಯಾವ ತಾಯಿಯ ಪತ್ರವೂ ಇಲ್ಲ ಎಂದು ಎರಡನೆಯ ಪ್ಯಾರಾದಲ್ಲಿ ಸೇರಿಸಿದ್ದೀರಿ. ಮೊದಲನೆಯ ಪ್ಯಾರಾ ಓದಿ ನಕ್ಕೆ. ಎರಡನೆಯದಕ್ಕೆ ಬಂದಾಗ ನಗು ನಿಂತಿತು. ಆದ್ದರಿಂದ ನನ್ನ ಸಮಜಾಯಿಷಿಯನ್ನು ನಿಮ್ಮ ಟೇಬಲ್ಲಿಗೊಂದು, ಪತ್ರಿಕೆಗೊಂದು ಎಂದು ಎರಡು ಪ್ರತಿ ಮಾಡಿ ಕಳಿಸುತ್ತಿದ್ದೇನೆ. ನಿಮ್ಮ ಟೇಬಲ್ಲಿಗೆ ಬಂದ ಕಾಗದಗಳ ಗತಿ ಏನಾಗುತ್ತದೆಂದು ನನಗೆ ಗೊತ್ತು. ಪತ್ರಿಕೆಗೆ ಹೋದದ್ದನ್ನು ಕ್ಷೌರಕ್ಕೆ ಸರದಿ ಕಾಯುತ್ತ ಕೂತವರಾದರೂ ಓದುತ್ತಾರೆ.

ಮೊದಲು ತಪ್ಪೊಪ್ಪಿಗೆ. ನೋಟೀಸಿನಲ್ಲಿ ‘ತಾಯಿ ಸಂಖ್ಯೆ ಎರಡು’ ಎಂದು ನಮೂದಾಗಿರುವವಳು ನಾನು. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದವಳು. ನನಗೆ ಒಬ್ಬ ಮಗಳಿದ್ದಾಳೆ, ಒಬ್ಬ ಅಳಿಯನಿದ್ದಾನೆ, ಮಗನಿಲ್ಲ. ನಿಮ್ಮ ಕೈದಿಯನ್ನು ನಾನು ಹೆತ್ತಿಲ್ಲ, ಹೊತ್ತಿಲ್ಲ, ಕಣ್ಣಿಂದ ಕಂಡೂ ಇಲ್ಲ. ತಾಯಿ ಸಂಖ್ಯೆ ಒಂದು, ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು. ಎಲ್ಲರೂ ಅವಳನ್ನು ಹೊಲಿಗೆ ಅಕ್ಕ ಎನ್ನುತ್ತಾರೆ. ಅವಳಿಗೆ ಮದುವೆಯೇ ಆಗಿಲ್ಲ. ತಾಯಿ ಸಂಖ್ಯೆ ಮೂರು, ನಮ್ಮ ಬೀದಿಯ ಕ್ಷೌರಿಕ. ಅವನಿಗೆ ಐವತ್ತೆರಡು ವರ್ಷ, ಎರಡು ಕಡೆಗೂ ಹುರಿಗೊಳಿಸಿದ ಮೀಸೆ ಇದೆ. ಅತ್ತೆಗೆ ಮೀಸೆ ಬಂದರೆ ಮಾವ ಅನ್ನಬಹುದಂತೆ. ಅಮ್ಮನಿಗೇ ಬಂದರೆ ಏನನ್ನಬೇಕೆಂಬುದು ಗಾದೆ ಮಾಡಿದವರಿಗೂ ಹೊಳೆದಿರಲಿಲ್ಲ. ನಿಮ್ಮ ಕಚೇರಿಗೆ ಮಾತ್ರ ಎಂಟು ತಿಂಗಳು ಯಾವ ಸಂಶಯವೂ ಬರಲಿಲ್ಲ.

ಹೀಗಾಗಲು ಕಾರಣ ಹೇಳುತ್ತೇನೆ. ವಾರಕ್ಕೊಮ್ಮೆ, ಕ್ಷೌರದಂಗಡಿಗೆ ರಜೆ ಇರುವ ದಿನ ಮಧ್ಯಾಹ್ನ, ನಾವು ಏಳೆಂಟು ಜನ ಅಲ್ಲಿ ಸೇರಿ ಪತ್ರ ಬರೆಯುತ್ತೇವೆ. ಯಾರನ್ನೋ ವಿಚಾರಣೆಯಿಲ್ಲದೆ ಕೂಡಿಹಾಕಿದ್ದಾರೆ, ಯಾರಿಗೋ ಹೊಡೆದು ಹೇಳಿಕೆ ಬರೆಸಿಕೊಂಡಿದ್ದಾರೆ, ಯಾರೋ ಠಾಣೆಗೆ ಹೋದವರು ಮನೆಗೆ ಬಂದಿಲ್ಲ. ಇಂಥವರ ವಿವರದ ಹಾಳೆಯೊಂದು ಒಂದು ಸಂಸ್ಥೆಯಿಂದ ನಮಗೆ ಬರುತ್ತದೆ. ನಾವು ಅಧಿಕಾರಿಗಳಿಗೆ ಬರೆಯುತ್ತೇವೆ, ಮಂತ್ರಿಗಳಿಗೆ ಬರೆಯುತ್ತೇವೆ, ಒಳಗಿರುವವರಿಗೂ ನಾಲ್ಕು ಸಾಲು ಬರೆಯುತ್ತೇವೆ. ಹನ್ನೊಂದು ವರ್ಷದಿಂದ ಇದು ನಡೆದಿದೆ. ತಿರುಗುವ ಕುರ್ಚಿಗಳ ಮೇಲೆ ಕೂತು, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಾಚಣಿಗೆ, ಬ್ರಷ್ಷು ಸರಿಸಿ ಕಾಗದ ಇಟ್ಟುಕೊಂಡು ಬರೆಯಬೇಕು. ತಲೆ ಎತ್ತಿದರೆ ಸ್ವಂತ ಮುಖ ಕಾಣುತ್ತದೆ. ಸುಳ್ಳು ಬರೆಯುವವರಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲವೆಂದು ಈಗ ಅನುಭವದಿಂದ ಹೇಳಬಲ್ಲೆ.

ನಮ್ಮನ್ನು ಗೇಲಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ತಾವು ಆ ಕಷ್ಟ ತೆಗೆದುಕೊಳ್ಳಬೇಡಿ. ನನ್ನ ಅಳಿಯನೇ ಸಾಕು. ಕಾಗದ ಬರೆದು ಜೈಲಿನ ಬೀಗ ತೆಗೆದವರು ಯಾರಾದರೂ ಇದ್ದಾರಾ ಅತ್ತೆ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾನೆ. ಅವನು ಬೀಗ ರಿಪೇರಿ ಮಾಡುವವನು, ಹಾಗಾಗಿ ಆ ವಿಷಯದಲ್ಲಿ ಅವನಿಗೆ ತುಸು ಜಂಬ. ಅವನ ಬಾಯಿ ಮುಚ್ಚಿಸಲು ನನ್ನ ಹತ್ತಿರ ಒಂದೇ ಉದಾಹರಣೆ ಇದೆ. ನೂಲಿನ ಗಿರಣಿಯ ಹೆಂಗಸೊಬ್ಬಳು ಮುಷ್ಕರ ಮಾಡಿದಳೆಂದು ಎರಡು ವರ್ಷ ಒಳಗಿದ್ದಳು. ಬಿಡುಗಡೆಯಾದ ಮೇಲೆ ನಮ್ಮನ್ನು ಹುಡುಕಿಕೊಂಡು ಬಂದು ಅವಳು ಹೇಳಿದ್ದಿಷ್ಟು: ಅವಳ ಹೆಸರಿಗೆ ಕಾಗದಗಳು ಚೀಲಗಟ್ಟಲೆ ಬರತೊಡಗಿದವಂತೆ. ಅದನ್ನು ದಿನಾ ಕೊನೆಯ ಕೋಣೆಯ ತನಕ ಹೊತ್ತು ಸಾಕಾಗಿ ಕಾವಲಿನವಳು ಅವಳನ್ನು ಬಾಗಿಲ ಪಕ್ಕದ ಕೋಣೆಗೆ ಬದಲಾಯಿಸಿದಳಂತೆ. ಆ ಕೋಣೆಗೆ ಕಿಟಕಿ ಇತ್ತು. ಬೀಗ ತೆಗೆಯಲಿಲ್ಲ, ನಿಜ. ಆದರೆ ಒಬ್ಬ ಕಾವಲಿನವಳ ಸೊಂಟನೋವಿನಿಂದ ಒಬ್ಬ ಕೈದಿಗೆ ಬಿಸಿಲು ಸಿಕ್ಕಿತು. ಸರ್ಕಾರಿ ಯೋಜನೆಗಳಲ್ಲಿ ಎಷ್ಟು ಇಷ್ಟು ಕೆಲಸ ಮಾಡಿವೆ ಹೇಳಿ?

ಇನ್ನು ನಿಮ್ಮ ಕೈದಿಯ ವಿಷಯ. ಆತ ಆಸ್ಪತ್ರೆಯೊಂದರ ದಾಖಲೆ ವಿಭಾಗದ ಗುಮಾಸ್ತ. ಗಾಯಾಳುಗಳ ಪುಸ್ತಕದಲ್ಲಿ ‘ಗಾಯಕ್ಕೆ ಕಾರಣ’ ಎಂಬ ಕಲಮು ತುಂಬುವುದು ಅವನ ಕೆಲಸ. ಒಂದೇ ವರ್ಷದಲ್ಲಿ ಒಂದೇ ಠಾಣೆಯಿಂದ ಆರು ಜನರನ್ನು ತಂದರು. ಒಬ್ಬನ ಪಕ್ಕೆಲುಬು ಮುರಿದಿತ್ತು, ಒಬ್ಬನ ಕಿವಿಯ ತಮಟೆ ಹರಿದಿತ್ತು, ಒಬ್ಬನ ಅಂಗಾಲು ಬಾತಿತ್ತು. ಆರಕ್ಕೆ ಆರೂ ಜನಕ್ಕೆ ಜೊತೆಯಲ್ಲಿ ಬಂದ ಪೇದೆ ಬರೆಸಿದ ಕಾರಣ ಒಂದೇ: ಠಾಣೆಯ ಮೆಟ್ಟಿಲಿನಿಂದ ಜಾರಿಬಿದ್ದದ್ದು. ಗುಮಾಸ್ತ ಮೊದಲ ಐದನ್ನು ಹೇಳಿದಂತೆಯೇ ಬರೆದುಕೊಂಡ. ಆರನೆಯವನು ಬಂದ ದಿನ ಊಟದ ಬಿಡುವಿನಲ್ಲಿ ಸೈಕಲ್ಲು ಹತ್ತಿ ಆ ಠಾಣೆಯ ತನಕ ಹೋಗಿ ನೋಡಿ ಬಂದ. ಬಂದವನು ಷರಾ ಕಲಮಿನಲ್ಲಿ ಕೆಂಪು ಶಾಯಿಯಿಂದ ಎರಡು ವಾಕ್ಯ ಬರೆದ. ‘ಸದರಿ ಠಾಣೆಗೆ ಮೆಟ್ಟಿಲುಗಳಿಲ್ಲ. ಬಾಗಿಲಿಗೆ ಹೊಸ್ತಿಲು ಇದೆ, ಎತ್ತರ ನಾಲ್ಕು ಬೆರಳು.’

ಇದಕ್ಕಾಗಿ ಆತ ಹದಿನಾಲ್ಕು ತಿಂಗಳಿಂದ ನಿಮ್ಮ ಅತಿಥಿ. ಸರ್ಕಾರಿ ದಾಖಲೆ ತಿದ್ದಿದ್ದು ಒಂದು ಆರೋಪ, ಭದ್ರತಾ ಕಟ್ಟಡವನ್ನು ಗುಟ್ಟಾಗಿ ಅಳೆದದ್ದು ಇನ್ನೊಂದು. ವಿಚಾರಣೆಯ ದಿನಾಂಕ ಮುಂದೆ ಹೋಗುತ್ತಲೇ ಇದೆ. ಈ ನಡುವೆ ಆ ಠಾಣೆಗೆ ಹೊರಗಡೆಯಿಂದ ತಾರಸಿಗೆ ಹನ್ನೆರಡು ಮೆಟ್ಟಿಲು ಕಟ್ಟಿಸಿದ್ದಾರೆಂದು ಕೇಳಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇವರು ಜನ ಬಿದ್ದ ಮೇಲೆ ಮೆಟ್ಟಿಲು ಕಟ್ಟಿಸಿದ್ದಾರೆ.

ಅವನ ವಿವರದ ಹಾಳೆಯಲ್ಲಿ, ಆಸ್ಪತ್ರೆಯ ಸೇವಾ ಪುಸ್ತಕದಿಂದ ಎತ್ತಿ ಬರೆದ ಒಂದು ಸಾಲಿತ್ತು: ‘ಅವಿವಾಹಿತ. ಅವಲಂಬಿತರು: ಯಾರೂ ಇಲ್ಲ.’ ನಮ್ಮ ಎಲ್ಲ ಅನಾಹುತವೂ ಈ ಸಾಲಿನಿಂದ ಶುರುವಾಯಿತು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ ಎಂದುಕೊಂಡೆವು. ಹೊಲಿಗೆ ಅಕ್ಕ ಅವತ್ತೇ ಕಣ್ಣೊರೆಸಿಕೊಂಡಳು. ಹಿತೈಷಿಗಳೆಂದು ಸಹಿ ಮಾಡಿ ಮೊದಲ ತಿಂಗಳು ಮೂವತ್ತು ಪತ್ರ ಕಳಿಸಿದೆವು. ಮೂವತ್ತೂ ‘ಸಂಬಂಧಿಕರಲ್ಲ’ ಎಂಬ ನೇರಳೆ ಮೊಹರಿನೊಂದಿಗೆ ವಾಪಸು ಬಂದವು. ಓದದೆ ವಾಪಸು ಮಾಡಿದ್ದೇವೆ ಎಂಬ ಚೀಟಿಯನ್ನೂ ಅಂಟಿಸಿದ್ದಿರಿ. ಮೂವತ್ತೊಂದು ವರ್ಷ ಲಕೋಟೆ ಮುಟ್ಟಿದವಳಿಗೆ ಆ ಮಾತು ಹೇಳಬಾರದಿತ್ತು. ಪ್ರತಿಯೊಂದನ್ನೂ ಆವಿ ಹಿಡಿದು ಬಿಚ್ಚಿ, ಓದಿ, ಮತ್ತೆ ಅಂಟಿಸಲಾಗಿತ್ತು, ಅದೂ ಪೋಸ್ಟರು ಅಂಟಿಸುವವರು ಬಳಿಯುವಷ್ಟು ಅಂಟು ಬಳಿದು. ನಿಮ್ಮ ತಪಾಸಣೆಯವರಿಗೆ ನಾನು ಬಿಟ್ಟಿಯಾಗಿ ತರಬೇತಿ ಕೊಡಲು ಸಿದ್ಧಳಿದ್ದೇನೆ.

ಆಮೇಲೆ ನಿಮ್ಮ ನಿಯಮಾವಳಿ ತರಿಸಿ ಓದಿದೆವು. ಗೆಳೆಯರಿಗೆ ಅವಕಾಶವಿಲ್ಲ. ಬಂಧುಗಳು ಮೂರು ತಿಂಗಳಿಗೊಂದು ಪತ್ರ ಬರೆಯಬಹುದು. ತಾಯಿ ಮಾತ್ರ ತಿಂಗಳಿಗೆ ಎರಡು. ನಮ್ಮ ಗುಂಪಿನಲ್ಲಿ ಲೆಕ್ಕದ ಮೇಷ್ಟ್ರೊಬ್ಬರಿದ್ದಾರೆ, ಶಾಲೆ ಬಿಟ್ಟರೂ ಹಾಜರಿ ಹಾಕುವ ಚಾಳಿ ಬಿಟ್ಟಿಲ್ಲ. ಅವರು ಚೀಟಿ ಮಾಡಿ ನಮಗೆಲ್ಲ ನೆಂಟಸ್ತಿಕೆ ಹಂಚಿದರು. ತಮಗೆ ಸೋದರಮಾವನ ಪಟ್ಟ ಇಟ್ಟುಕೊಂಡರು. ನಾನು ಸೋದರತ್ತೆ, ಹೊಲಿಗೆ ಅಕ್ಕ ದೊಡ್ಡಕ್ಕ, ಕ್ಷೌರಿಕ ಚಿಕ್ಕಪ್ಪ. ಸುಳ್ಳು ಸುಳ್ಳೇ, ಒಪ್ಪುತ್ತೇನೆ. ಆದರೆ ಮಾನ್ಯರೇ, ದಾರಿಯಲ್ಲಿ ಹೋಗುವವರನ್ನೂ ಅಣ್ಣ, ಅಕ್ಕ, ಅಜ್ಜ, ಚಿಕ್ಕಮ್ಮ ಎಂದು ಕರೆದೇ ದೊಡ್ಡವರಾದವರು ನಾವು. ಬಸ್ಸಿನಲ್ಲಿ ಜಾಗ ಬೇಕಾದರೆ ಸಂಬಂಧ ಕಟ್ಟಬಹುದು, ಜೈಲಿನಲ್ಲಿರುವವನಿಗೆ ಧೈರ್ಯ ಹೇಳಬೇಕಾದರೆ ಕಟ್ಟಬಾರದೆ?

ಮೂರು ತಿಂಗಳಿಗೊಂದು ಪತ್ರ ಎಂಬುದು ಮಾತ್ರ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಒಂಟಿ ಹುಡುಗ, ಮೂರು ತಿಂಗಳು ಏನು ಮಾಡುತ್ತಾನೆ ಅನ್ನಿಸಿತು. ಮೇಷ್ಟ್ರಿಗೆ ಹೇಳದೆ ನಾನು ಸೋದರತ್ತೆಯಿಂದ ತಾಯಿಗೆ ಬಡ್ತಿ ಪಡೆದೆ. ಪರೀಕ್ಷೆಯಲ್ಲಿ ನಕಲು ಹೊಡೆಯುವವರ ಹಾಗೆ ಮೊಣಕೈ ಅಡ್ಡ ಇಟ್ಟು ‘ಇಂತಿ ನಿನ್ನ ಅಮ್ಮ’ ಎಂದು ಬರೆದೆ. ಅದೇ ಮಧ್ಯಾಹ್ನ, ಎಡಗಡೆಯ ಕುರ್ಚಿಯಲ್ಲಿ ಹೊಲಿಗೆ ಅಕ್ಕನೂ ಬಲಗಡೆಯ ಕುರ್ಚಿಯಲ್ಲಿ ಕ್ಷೌರಿಕನೂ ಮೊಣಕೈ ಅಡ್ಡ ಇಟ್ಟುಕೊಂಡಿದ್ದನ್ನು ನಾನು ಕಂಡಿದ್ದೆ. ಸೆಖೆ ಇರಬೇಕು ಅಂದುಕೊಂಡೆ. ನನ್ನ ಕಳ್ಳತನದ ಗಡಿಬಿಡಿಯಲ್ಲಿ ಇನ್ನೊಬ್ಬರ ಕಳ್ಳತನ ಎಲ್ಲಿ ಕಾಣಬೇಕು?

ಮೂವರು ತಾಯಂದಿರ ಪತ್ರಗಳೂ ಪಾಸಾದವು. ಮೂರಕ್ಕೂ ಒಂದೇ ವಿಳಾಸ, ಅದೂ ಕ್ಷೌರದಂಗಡಿ. ನಿಮ್ಮ ಗುಮಾಸ್ತರು ಸಂಬಂಧ ಎಂಬ ಕಲಮಿನಲ್ಲಿ ತಾಯಿ, ತಾಯಿ, ತಾಯಿ ಎಂದು ಮೂರು ಸಾಲು ಬರೆದು ಕೆಳಗೆ ಗೆರೆ ಎಳೆದರು. ರಿಜಿಸ್ಟರ್ ಮಾಡಿದ ಪತ್ರಗಳಾದ್ದರಿಂದ ಸ್ವೀಕೃತಿ ಕಾರ್ಡುಗಳು ನಮಗೆ ವಾಪಸು ಬಂದವು. ಅವನಿಂದ ಉತ್ತರವೆಂದು ಒಂದಕ್ಷರವೂ ಬರಲಿಲ್ಲ. ಕಾರ್ಡಿನ ಮೇಲೆ ಇದ್ದದ್ದು ಹೆಬ್ಬೆಟ್ಟಿನ ಗುರುತು. ಬರೆದೇ ಬದುಕಿದವನು ಹೆಬ್ಬೆಟ್ಟು ಏಕೆ ಒತ್ತಿದ? ನಮಗೆ ಜೀವ ಹಾರಿಹೋಯಿತು. ಬೆರಳು ಮುರಿದಿದ್ದಾರೆ ಎಂದು ಕ್ಷೌರಿಕ ಖಚಿತವಾಗಿ ಹೇಳಿದ. ನಾವು ಗೃಹ ಖಾತೆಗೆ ಹದಿನಾಲ್ಕು ಪತ್ರ ಬರೆದೆವು. ಎರಡು ತಿಂಗಳ ನಂತರ ಉತ್ತರ ಬಂತು: ‘ಕೈದಿಯ ಬೆರಳುಗಳನ್ನು ಪರಿಶೀಲಿಸಲಾಗಿದ್ದು ಒಟ್ಟು ಸಂಖ್ಯೆ ಹತ್ತು ಇರುವುದು ದೃಢಪಟ್ಟಿದೆ.’ ಅದನ್ನು ಕ್ಷೌರಿಕ ಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದ್ದಾನೆ.

ಈಗ ನಾಲ್ಕನೆಯ ತಾಯಿಯ ಮಾತಿಗೆ ಬರುತ್ತೇನೆ. ಹೋದ ತಿಂಗಳು, ನಾವು ಬರೆಯುತ್ತ ಕೂತ ಮಧ್ಯಾಹ್ನ, ಅರ್ಧ ಮುಚ್ಚಿದ ಬಾಗಿಲು ತಳ್ಳಿಕೊಂಡು ಒಬ್ಬಳು ಒಳಗೆ ಬಂದಳು. ಅರವತ್ತು ದಾಟಿದ ವಯಸ್ಸು. ಬಲಗೈಯ ಮೇಲೆ ಸುಟ್ಟ ಗಾಯದ ಹಳೆಯ ಕಲೆಗಳು, ಕಂಕುಳಲ್ಲಿ ಒಂದು ಚೀಲ, ಕೈಯಲ್ಲಿ ನಿಮ್ಮ ಕೌಂಟರಿನ ಚೀಟಿ. ಎಲ್ಲರ ಮುಖವನ್ನೂ ಒಂದು ಸಲ ನೋಡಿದಳು.

“ನನ್ನ ಮಗನ ತಾಯಿ ಇಲ್ಲಿ ಯಾರು?” ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಒಬ್ಬ ಕಳ್ಳ. ಇಲ್ಲಿ ಮೂವರು ಒಟ್ಟಿಗೆ ತಲೆ ಎತ್ತಿದೆವು, ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಂಡಿತು. ಎಂಟು ತಿಂಗಳ ಗುಟ್ಟು ಆ ಕ್ಷಣದಲ್ಲಿ ರಟ್ಟಾಯಿತು. ಲೆಕ್ಕದ ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ನಾನು ಚೀಟಿಯಲ್ಲಿ ತಾಯಿಯನ್ನು ಹಾಕಿರಲೇ ಇಲ್ಲವಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅವಳದು ಇಸ್ತ್ರಿ ಅಂಗಡಿ. ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ತಳ್ಳಿ ಮಗನನ್ನು ಓದಿಸಿದವಳು. ಅವಲಂಬಿತರ ಕಲಮಿನಲ್ಲಿ ಅವಳ ಹೆಸರು ಬರೆಯಲು ಮಗ ಹೋದಾಗ ಅವಳೇ ತಡೆದಿದ್ದಳಂತೆ. ನಾನು ದುಡಿದು ತಿನ್ನುವವಳು, ನನ್ನನ್ನು ಯಾಕೆ ನಿನಗೆ ಜೋತುಬಿದ್ದವಳ ಹಾಗೆ ಬರೆಯುತ್ತೀ ಎಂದು ಜಗಳವಾಡಿದ್ದಳಂತೆ. ಆ ಸ್ವಾಭಿಮಾನವನ್ನು ನಾವು ಅನಾಥ ಎಂದು ಓದಿಕೊಂಡೆವು. ಮಗನನ್ನು ಹಿಡಿದುಕೊಂಡು ಹೋದ ಮೇಲೆ ಎಲ್ಲಿಗೆ ಕರೆದೊಯ್ದರೆಂದು ಹೇಳಲು ಅವಳಿಗೆ ಒಂದು ಕಚೇರಿಯೂ ಸಿಗಲಿಲ್ಲ. ಈ ಕಿಟಕಿಯಿಂದ ಆ ಕಿಟಕಿಗೆ, ಆ ಕಿಟಕಿಯಿಂದ ಈ ಕಿಟಕಿಗೆ, ಹದಿಮೂರು ತಿಂಗಳು ತಿರುಗಿದಳು. ಕೊನೆಗೆ ಬಿಡುಗಡೆಯಾಗಿ ಬಂದ ಯಾರೋ ಒಬ್ಬ ಅಂಗಡಿಗೆ ಬಟ್ಟೆ ಕೊಡಲು ಬಂದವನು, ನಿಮ್ಮ ಮಗ ಇಂಥಲ್ಲಿದ್ದಾನೆ ಎಂದು ಹೇಳಿದ. ನಮ್ಮ ಹತ್ತಿರ ಆ ವಿಳಾಸ ಒಂದು ವರ್ಷದಿಂದ ಇತ್ತು. ಖೊಟ್ಟಿ ತಾಯಂದಿರಿಗೆ ಗೊತ್ತಿದ್ದದ್ದು ಹೆತ್ತವಳಿಗೆ ಗೊತ್ತಿರಲಿಲ್ಲ. ಇದರಲ್ಲಿ ನಿಮ್ಮ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ಪಾಲು ನೆನೆದರೆ ನಾಚಿಕೆಯಾಗುತ್ತದೆ. ನಿಮ್ಮದನ್ನು ನೀವು ನೆನೆಯಿರಿ.

ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ನಿಮ್ಮ ಕೌಂಟರಿಗೆ ಬಂದರೆ, ಅಲ್ಲಿಯ ಗುಮಾಸ್ತರು ಪುಸ್ತಕ ತೆರೆದು ನೋಡಿ, “ಇವನಿಗೆ ಆಗ್ಲೇ ಮೂರು ಜನ ಅಮ್ಮ ಇದಾರಲ್ಲಮ್ಮ, ನೀವ್ಯಾರು?” ಎಂದರಂತೆ. ಮೂರರ ತನಕ ಬಾಯಿ ಬಿಡದ ಕಾನೂನು ನಾಲ್ಕನೆಯವಳು, ಅಂದರೆ ನಿಜವಾದವಳು, ಎದುರಿಗೆ ಬಂದು ನಿಂತಾಗ ಎಚ್ಚೆತ್ತಿತು. ದಾಖಲೆ ತನ್ನಿ ಎಂದರು. ಆದರೂ ಆ ಗುಮಾಸ್ತರು ಕರುಣೆಯಿಂದ ನಮ್ಮ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅವರ ಮೇಲೆ ಶಿಸ್ತುಕ್ರಮ ಕೈಗೊಳ್ಳಬೇಡಿ, ನಿಮ್ಮ ಇಡೀ ಕಚೇರಿಯಲ್ಲಿ ಈ ಪ್ರಕರಣದಲ್ಲಿ ಒಂದು ಉಪಯೋಗದ ಕೆಲಸ ಮಾಡಿದವರು ಅವರೊಬ್ಬರೇ.

ನಾವು ಕೈಮುಗಿದು ತಪ್ಪಾಯಿತೆಂದೆವು. ಅವಳು ಬೈಯಲಿಲ್ಲ. ನಡುವಿನ ಕುರ್ಚಿಯಲ್ಲಿ ಕೂತು, ನನ್ನ ಹೆಸರಲ್ಲಿ ಏನೇನು ಬರೆದಿದ್ದೀರಿ ಓದಿ ಎಂದಳು. ಮೇಷ್ಟ್ರ ದಯೆಯಿಂದ ಎಲ್ಲದರ ಕಾರ್ಬನ್ ಪ್ರತಿ ಇತ್ತು. ಅವರವರ ಪ್ರತಿ ಅವರವರೇ ಲಕೋಟೆಯಲ್ಲಿ ಅಂಟಿಸಿ ಕೊಟ್ಟದ್ದರಿಂದ ಮೇಷ್ಟ್ರಿಗೂ ಒಳಗಿನದು ತಿಳಿದಿರಲಿಲ್ಲ. ಹೊಲಿಗೆ ಅಕ್ಕ ತನ್ನದನ್ನು ಓದಿದಳು. ದಿನಾ ಹಾಲು ಕುಡಿ ಕಂದಾ ಎಂದಿತ್ತು. ಹಾಲು ಕುಡಿದರೆ ಅವನಿಗೆ ವಾಂತಿಯಾಗುತ್ತದೆ ಎಂದಳು ತಾಯಿ. ಕ್ಷೌರಿಕ ತನ್ನ ಪತ್ರಗಳಲ್ಲಿ ಐದನ್ನು ಓದಿದ. ಐದರಲ್ಲೂ ತಲೆಕೂದಲ ಬಗ್ಗೆ ಬುದ್ಧಿವಾದವಿತ್ತು. ಅವನ ತಲೆಯಲ್ಲಿ ಕೂದಲಿದ್ದರಲ್ಲವೇ ಎಂದು ಅವಳು ನಕ್ಕುಬಿಟ್ಟಳು, ನಾವೂ ಸ್ವಲ್ಪ ಉಸಿರು ಬಿಟ್ಟೆವು. ಆಮೇಲೆ ನನ್ನ ಸರದಿ. ನಾನು ನನ್ನ ಮಗಳಿಗೆ ಬೈಯುವ ಹಾಗೆಯೇ ಬರೆದಿದ್ದೆ: ಚಿಕ್ಕಂದಿನಿಂದಲೂ ನೀನು ಅಮ್ಮನ ಮಾತು ಕೇಳಿದವನಲ್ಲ, ಈಗಲಾದರೂ ಧೈರ್ಯವಾಗಿರು ಎಂದು.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ, “ಮಾತು ಕೇಳಿದ್ದಕ್ಕೇ ಅಲ್ವಾ ತಾಯಿ ಅವನಿಗೆ ಈ ಗತಿ,” ಎಂದಳು. “ಐದು ಸಲ ಸುಳ್ಳು ಬರ್ದೆ ಅಮ್ಮ, ನಿದ್ದೆ ಬರ್ತಿಲ್ಲ ಅಂದ. ಹೋಗಿ ನೋಡ್ಕೊಂಡು ಬಾ, ಕಂಡಿದ್ದನ್ನ ಬರಿ ಅಂತ ನಾನೇ ಹೇಳಿದ್ದು.”

ನನ್ನ ಕೈಯಲ್ಲಿದ್ದ ಕಾಗದವನ್ನು ಮಡಿಚಿ ಇಟ್ಟೆ. ಹನ್ನೊಂದು ವರ್ಷದಲ್ಲಿ ನೂರಾರು ಜನಕ್ಕೆ ಧೈರ್ಯ ಹೇಳಿ ಬರೆದಿದ್ದೇನೆ. ಧೈರ್ಯ ಎಂಬ ಪದವನ್ನು ಅಷ್ಟು ಸಲೀಸಾಗಿ ಬರೆಯಬಾರದೆಂದು ಅವತ್ತು ಅನ್ನಿಸಿತು.

ಆಗ ಅವಳು, ಇದನ್ನೆಲ್ಲ ಅವನಿಗೆ ಓದಿ ಹೇಳಿದವರು ಯಾರು ಎಂದಳು. ಅವನೇ ಓದಿಕೊಂಡಿರುತ್ತಾನಲ್ಲ ಎಂದೆವು. ಅವಳು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಒಂದು ಕಾಲು ಮುರಿದ, ಗಾಜಿಲ್ಲದ ಕನ್ನಡಕದ ಚೌಕಟ್ಟು. ಹುಟ್ಟುವಾಗಲೇ ಅವನ ಎರಡೂ ಕಣ್ಣಲ್ಲಿ ಪೊರೆ ಇತ್ತಂತೆ. ಚಿಕ್ಕಂದಿನಲ್ಲಿ ತೆಗೆಸಿದ ಮೇಲೆ ಬಾಟಲಿಯ ತಳದಂಥ ದಪ್ಪ ಗಾಜಿಲ್ಲದಿದ್ದರೆ ಅವನಿಗೆ ಹತ್ತಿರ ಹಿಡಿದರೂ ಮಸುಕು, ದೂರ ಹಿಡಿದರೂ ಮಸುಕು. ಅವನನ್ನು ಇಸ್ತ್ರಿ ಅಂಗಡಿಯಿಂದ ಎಳೆದೊಯ್ಯುವಾಗ ಕನ್ನಡಕ ಬಿದ್ದು ಬೂಟುಗಳ ಕೆಳಗೆ ಪುಡಿಯಾಯಿತು. ಅವಳು ಉಳಿದದ್ದನ್ನು ಆರಿಸಿ ಇಟ್ಟುಕೊಂಡಳು. ಸಹಿ ಹಾಕುವ ಗೆರೆ ಕಾಣದವನು ಹೆಬ್ಬೆಟ್ಟಲ್ಲದೆ ಇನ್ನೇನು ಒತ್ತಬೇಕು?

ಅಂದರೆ, ಮಾನ್ಯರೇ, ಎಂಟು ತಿಂಗಳು ಮೂವರು ತಾಯಂದಿರು ಬರೆದ, ನೀವು ಪರೀಕ್ಷಿಸಿ ಪಾಸು ಮಾಡಿದ ಯಾವ ಪತ್ರವನ್ನೂ ಅವನು ಓದಿಲ್ಲ. ನಾವು ಬೆರಳು ಎಣಿಸಿದೆವು, ನೀವೂ ಬೆರಳು ಎಣಿಸಿದಿರಿ. ಹತ್ತು ಬೆರಳು ಎಣಿಸಿದ ನಿಮ್ಮ ವೈದ್ಯರು ಎರಡೇ ಎರಡು ಕಣ್ಣನ್ನು ಏಕೆ ನೋಡಲಿಲ್ಲ? ಹದಿನಾಲ್ಕು ತಿಂಗಳು ಒಬ್ಬ ಮನುಷ್ಯ ಗೋಡೆ ತಡವಿಕೊಂಡು ನಡೆಯುತ್ತಿದ್ದರೆ ನಿಮ್ಮ ಕಾವಲಿನವರು ಅದನ್ನು ವಿನಯ ಎಂದುಕೊಂಡರೆ?

ಹೊಸ ಕನ್ನಡಕ ಮಾಡಿಸಿ ಆಗಿದೆ. ಹಳೆಯ ಅಳತೆಯ ಚೀಟಿ ಕನ್ನಡಕದ ಅಂಗಡಿಯಲ್ಲಿ ಇದ್ದದ್ದರಿಂದ ಅವಳು ಅದನ್ನು ಮಾಡಿಸಿಕೊಂಡೇ ನಿಮ್ಮ ಕೌಂಟರಿಗೆ ಬಂದಿದ್ದಳು. ತಾಯಿಯೆಂದು ಸಾಬೀತಾಗದವರಿಂದ ವಸ್ತು ಪಡೆಯಲು ಬರುವುದಿಲ್ಲ ಎಂದು ಹಿಂದಿರುಗಿಸಿದಿರಿ. ದಾಖಲೆ ಕೇಳಿದಿರಿ. ಮಗನ ಜನನ ಪತ್ರ, ಶಾಲೆಯ ಪತ್ರ ಎಲ್ಲವೂ ಒಂದೇ ಕಟ್ಟಿನಲ್ಲಿದ್ದವು. ಅವನನ್ನು ಹಿಡಿದ ದಿನ ನಿಮ್ಮವರೇ ಅದನ್ನು ಒಯ್ದರು. ಜಪ್ತಿ ಪಟ್ಟಿಯ ನಕಲು ಅವಳ ಹತ್ತಿರವಿದೆ. ಅದರಲ್ಲಿ ಹದಿನಾಲ್ಕನೆಯ ಬಾಬು ನೋಡಿ: ‘ಹಳೆಯ ಕಾಗದಗಳ ಕಟ್ಟು, ಒಂದು.’ ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಕೇಳಿದ್ದೆ. ಕೂಸನ್ನೂ ಕಂಕುಳಲ್ಲೇ ಇಟ್ಟುಕೊಂಡು, ಕೂಸಿನ ಕಾಗದವನ್ನೂ ಕಂಕುಳಲ್ಲೇ ಇಟ್ಟುಕೊಂಡು, ತಾಯಿಯನ್ನು ಊರೂರು ಅಲೆಸುವ ವಿದ್ಯೆ ಇಲಾಖೆಗಳಿಗೆ ಮಾತ್ರ ಒಲಿದಿದೆ.

ನಾವು ಮೂವರೂ ಮರುದಿನವೇ ನಿಮಗೆ ತಪ್ಪೊಪ್ಪಿಗೆ ಬರೆದೆವು. ಅದಕ್ಕೆ ಬಂದ ಉತ್ತರವೇ ಈ ನೋಟೀಸು. ಮೂವರು ಸುಳ್ಳು ಹೇಳಿದ್ದೇವೆ ಎಂದು ನಾವೇ ಹೇಳಿದರೂ ನಂಬದೆ, ನಾವು ತಾಯಂದಿರು ಎಂದಾಗ ಮಾತ್ರ ನಂಬಿದಿರಿ. ಇರಲಿ. ಈ ಪತ್ರದ ಮೂಲಕ ನಾವು ಮೂವರೂ ಸದರಿ ಕೈದಿಯ ತಾಯ್ತನಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇವೆ. ಅಂಗೀಕರಿಸಿ. ಖೊಟ್ಟಿ ತಾಯ್ತನಕ್ಕೆ ಕಾನೂನಿನಲ್ಲಿ ಏನು ಶಿಕ್ಷೆಯಿದೆಯೋ ಕೊಡಿ. ಅವನಿರುವ ಸೆರೆಮನೆಯಲ್ಲೇ ಇಟ್ಟರೆ ಅನುಕೂಲ, ಪತ್ರಗಳನ್ನು ನಾವೇ ಓದಿ ಹೇಳುತ್ತೇವೆ. ಕ್ಷೌರಿಕ ಕತ್ತರಿ ಬಾಚಣಿಗೆ ತರುತ್ತಾನಂತೆ, ಬೋಳುತಲೆಯ ಮಗನಿಗೆ ಏನು ಮಾಡುತ್ತಾನೋ ಅವನೇ ಬಲ್ಲ.

ಆದರೆ ಅವಳ ಭೇಟಿ ನಿಲ್ಲಿಸಬೇಡಿ. ತಾಯಿ ಯಾರೆಂದು ತೀರ್ಮಾನಿಸಲು ನಿಮಗೆ ಸಾಕ್ಷ್ಯ ಬೇಕು, ಸರಿ. ಸಾಕ್ಷ್ಯವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅದು ಪತ್ರವಲ್ಲ, ಆದ್ದರಿಂದ ನಿಮ್ಮ ಎರಡನೆಯ ಪ್ಯಾರಾ ಅದಕ್ಕೆ ಅನ್ವಯಿಸುವುದಿಲ್ಲ. ಚಿಕ್ಕಂದಿನಲ್ಲಿ ಕನ್ನಡಕ ಬರುವ ಮೊದಲು ಅವಳು ಮಗನಿಗೆ ಅಕ್ಷರ ಕಲಿಸಿದ್ದು ಇಸ್ತ್ರಿ ಮೇಜಿನ ಹಳೆಯ ಹೊದಿಕೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ಕಪ್ಪು ಶಾಯಿಯಲ್ಲಿ, ಒಂದೊಂದು ಅಕ್ಷರ ಎರಡೆರಡು ಅಂಗೈಯಗಲ. ಅಷ್ಟು ದೊಡ್ಡದಾದರೆ ಅವನಿಗೆ ಕಾಣುತ್ತದೆ. ನಮ್ಮಲ್ಲಿಗೆ ಬಂದ ದಿನವೇ ಅವಳು ಕ್ಷೌರಿಕನ ಗೋಡೆಯ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹರಿಸಿಕೊಂಡು, ಬೆನ್ನಿಗೆ ಅದೇ ಶಾಯಿಯಲ್ಲಿ ಬರೆದಳು. ನಾಲ್ಕು ಹಾಳೆ, ಹಾಳೆಗೊಂದು ಪದ. ಅವಳು ನೆಲದ ಮೇಲೆ ಮಂಡಿಯೂರಿ ಬರೆಯುವಾಗ ನಾವು ಮೂವರೂ ಹಾಳೆಯ ಮೂಲೆಗಳನ್ನು ಒತ್ತಿ ಹಿಡಿದಿದ್ದೆವು. ಎಂಟು ತಿಂಗಳಲ್ಲಿ ಅವನ ವಿಷಯದಲ್ಲಿ ನಾವು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬೇಕು.

ನಮ್ಮ ಬೇಡಿಕೆ ಇಷ್ಟು. ನಮ್ಮ ಮೂವರ ಪತ್ರಗಳನ್ನೂ ಈ ನಾಲ್ಕು ಹಾಳೆಗಳನ್ನೂ ತೆಗೆದುಕೊಂಡು ತಾವು ಸ್ವತಃ ಅವನ ಕೋಣೆಯ ಮುಂದೆ ನಿಲ್ಲಿ. ಮೊದಲು ನಮ್ಮವನ್ನು ತೋರಿಸಿ, ಇದು ನಿನ್ನ ತಾಯಿಯ ಬರಹವೇ ಎಂದು ಕೇಳಿ. ಅವನಿಗೆ ಬಿಳಿ ಕಾಗದ ಬಿಟ್ಟು ಏನೂ ಕಾಣುವುದಿಲ್ಲ. ಆಮೇಲೆ ಈ ಹಾಳೆಗಳನ್ನು ಒಂದೊಂದಾಗಿ, ಸರಳಿನಿಂದ ಒಂದು ತೋಳಿನಳತೆ ದೂರದಲ್ಲಿ, ಅಲುಗಾಡಿಸದೆ ಹಿಡಿಯಿರಿ. ಮೊದಲನೆಯದು: ಕನ್ನಡಕ. ಎರಡನೆಯದು: ಆಗಿದೆ. ಮೂರನೆಯದು: ತರ್ತೀನಿ. ಅವನು ಓದುವ ತನಕ ಕೈ ಇಳಿಸಬೇಡಿ, ಅಭ್ಯಾಸ ತಪ್ಪಿದೆ, ಸ್ವಲ್ಪ ಹೊತ್ತು ಹಿಡಿಯಬಹುದು. ಅವನ ಹೇಳಿಕೆಯನ್ನು ಅಲ್ಲೇ ಬರೆದುಕೊಳ್ಳಿ. ಬರುವ ಸೋಮವಾರ ಬೆಳಿಗ್ಗೆ ಅವಳು ಕನ್ನಡಕ ಹಿಡಿದುಕೊಂಡು ನಿಮ್ಮ ಕೌಂಟರಿನಲ್ಲಿ ನಿಂತಿರುತ್ತಾಳೆ. ನಾವು ಮೂವರು ಮಾಜಿಗಳೂ ಅವಳ ಹಿಂದೆ ಇರುತ್ತೇವೆ. ತಾಯಿ ಯಾರು ಎಂದು ಕೇಳಿದರೆ ಈ ಸಲ ನಾವು ಯಾರೂ ಬಾಯಿ ಬಿಡುವುದಿಲ್ಲ.

ನಾಲ್ಕನೆಯ ಹಾಳೆಯಲ್ಲಿ ಇರುವುದು ಸಹಿ, ಒಂದೇ ಪದ. ಆ ಪದವನ್ನು ನಾವು ಮೂವರೂ ಪ್ರತಿ ಪತ್ರದ ಕೆಳಗೆ ಮೂಲೆಯಲ್ಲಿ ಸಲೀಸಾಗಿ ಗೀಚಿ ಲಕೋಟೆ ಅಂಟಿಸಿದ್ದೆವು. ಅವಳಿಗೆ ಅದಕ್ಕೆ ಒಂದು ಪೂರ್ತಿ ಹಾಳೆ ಬೇಕಾಯಿತು.

ಇಂತಿ,
ಸ್ವಂತ ಮಗಳೊಬ್ಬಳನ್ನು ಬಿಟ್ಟು ಉಳಿದ ಎಲ್ಲ ತಾಯ್ತನಗಳಿಂದ ಇಂದು ನಿವೃತ್ತಳಾದ,
ತಾಯಿ ಸಂಖ್ಯೆ ಎರಡು

(ತಾಯಿ ಸಂಖ್ಯೆ ಒಂದು ಮತ್ತು ಮೂರು ಓದಿ, ಒಪ್ಪಿ, ಕೆಳಗೆ ರುಜು ಹಾಕಿದ್ದಾರೆ. ಮೂರನೆಯವರು ಮೀಸೆ ತೆಗೆಯಲು ಒಪ್ಪಿಲ್ಲ.)

ಲಗತ್ತು: ಕ್ಯಾಲೆಂಡರಿನ ಹಾಳೆ, ನಾಲ್ಕು. ದಯವಿಟ್ಟು ಮಡಿಚಬೇಡಿ.